ಐದಕ್ಕೂ ಐದೂವರೆಗೂ ನಡುವೆ

ಶಿವಗಣಾರಾಧನೆ ಮುಗಿದು ಶಾಮಿಯಾನ ಬಿಚ್ಚಿದ ಮೇಲೆ ಪಕ್ಕದ ಮನೆಯ ಮಗ ಒಂದು ಸಂಜೆ ನಮ್ಮ ಬಾಗಿಲಿಗೆ ಬಂದ. ತೀರಿಕೊಂಡ ತಾಯಿಯ ಆಂಪ್ಲಿಫೈಯರನ್ನು ಎರಡು ಕೈಯಲ್ಲೂ ಎತ್ತಿಕೊಂಡಿದ್ದ. ಹಳೆಯ ಸೀರೆಯಲ್ಲಿ ಅವರೇ ಹೊಲಿದಿದ್ದ ಹೊದಿಕೆ ಇನ್ನೂ ಅದರ ಮೇಲಿತ್ತು.

“ಅಕ್ಕಾ, ಇದು ಆನೇ ಆಗ್ತಿಲ್ಲ. ರಿಪೇರಿ ಮಾಡಿಸೋದಾ, ಗುಜರಿಗೆ ಹಾಕೋದಾ, ನೀವೇ ಹೇಳ್ಬಿಡಿ. ನಾನು ಹಾಕಿದ್ರೆ ಅಮ್ಮ ಕನಸಲ್ಲಿ ಬಂದು ಬೈತಾಳೆ.”

“ಇಟ್ಟು ಹೋಗಪ್ಪ, ನೋಡೋಣ,” ಎಂದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿನ ಉತ್ತರ, ಗೊತ್ತು.

“ಇದರ ಪಕ್ಕ ಒಂದು ಮರದ ಡಬ್ಬಿನೂ ಇದೆ. ಅದೇನೂ ಮಾಡಲ್ಲ, ಪ್ಲಗ್ ಹಾಕಿದ್ರೆ ಬರೀ ಗುಂಯ್ ಅನ್ನುತ್ತೆ. ಅದನ್ನಂತೂ ಎಸೆದ್ಬಿಡ್ತೀನಿ.”

“ಎಸೀಬೇಡ,” ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ಅವನು ನನ್ನ ಮುಖ ನೋಡಿ, ಆಂಪ್ಲಿಫೈಯರನ್ನು ಬಾಗಿಲ ಒಳಗಿಟ್ಟು ಹೋದ.

ಆ ಡಬ್ಬಿಯ ಕಥೆ ಗೊತ್ತಿದ್ದದ್ದು ಮೂರು ಜನಕ್ಕೆ. ಒಬ್ಬರು ಈಗಿಲ್ಲ. ಇನ್ನೊಬ್ಬರು ಅಕ್ಕಿಪೇಟೆಯ ಓಣಿಯೊಂದರಲ್ಲಿ ರೇಡಿಯೊ, ಟೇಪ್ ರೆಕಾರ್ಡರ್ ರಿಪೇರಿ ಮಾಡುವವರು. ಮೂರನೆಯವಳು ನಾನು. ಮಗನಿಗೆ ಹೇಳಕೂಡದೆಂದು ಆ ತಾಯಿಯೇ ನನ್ನಿಂದ ಮಾತು ತೆಗೆದುಕೊಂಡಿದ್ದರು.

ಚಾಮರಾಜಪೇಟೆಯ ನಮ್ಮ ರಸ್ತೆಯಲ್ಲಿ ಅವರು ಎಲ್ಲರಿಗೂ ಸಂಗೀತದಮ್ಮ. ನಾನು ಅಮ್ಮ ಎಂದಷ್ಟೇ ಕರೆಯುತ್ತಿದ್ದೆ. ಕುಳ್ಳಗೆ ದುಂಡಗೆ ಇದ್ದರು. ಹಣೆಯ ತುಂಬ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಯಾವಾಗಲೂ ಎಲ್ಲಿಗೋ ಹೊರಟವರ ನಡಿಗೆ. ಮಾವನ ಕಾಲದಿಂದ ಅವರದು ಅಕ್ಕಿಪೇಟೆಯಲ್ಲಿ ಅಕ್ಕಿ ವ್ಯಾಪಾರ. ಮಗನ ಕಾಲಕ್ಕೆ ಅದು ರಟ್ಟಿನ ಡಬ್ಬಗಳ ಅಂಗಡಿಯಾಯಿತು. ಅಂಗಡಿ ಏನೇ ಆಗಲಿ, ಸಂಜೆ ಐದಕ್ಕೆ ಮುಂದಿನ ಕೋಣೆಯಲ್ಲಿ ಚಾಪೆ ಬೀಳುತ್ತಿತ್ತು. ರಸ್ತೆಯ ಮಕ್ಕಳೆಲ್ಲ ಕೂತು ವಚನ ಹಾಡುತ್ತಿದ್ದರು. ಯಾರ ಮಗು, ಯಾವ ಜಾತಿ ಎಂದು ಅವರು ಕೇಳಿದ್ದನ್ನು ನಾನು ನೋಡಿಲ್ಲ. “ಬೆಲ್ಲ ತಿಂದು ಬಂದಿಲ್ಲ ತಾನೇ? ಬಾಯಿ ಮುಕ್ಕಳಿಸಿ ಬಾ” ಎಂದಷ್ಟೇ ಕೇಳುತ್ತಿದ್ದರು.

ಅವರಿಗೆ ಕಲಿಸಿದವರು ಯಾರೂ ಇರಲಿಲ್ಲ. ಅದನ್ನು ಅರ್ಧ ಹೆಮ್ಮೆಯಿಂದ, ಅರ್ಧ ಸಂಕಟದಿಂದ ಹೇಳಿಕೊಳ್ಳುತ್ತಿದ್ದರು. “ನಮ್ಮ ಮನೇಲಿ ಹೆಣ್ಮಕ್ಳು ಹಾಡೋದು ತೊಟ್ಲ ಮುಂದೆ ಮಾತ್ರ ತಾಯಿ. ನನಗೆಲ್ಲಿಯ ಗುರು?” ಮದುವೆಯಾದ ಹೊಸದರಲ್ಲಿ ಯಜಮಾನರು ಆಸೆಪಟ್ಟು ಒಂದು ಆಂಪ್ಲಿಫೈಯರು, ಟೇಪು, ಬಟ್ಟೆ ಮುಚ್ಚಿದ ಎರಡು ದೊಡ್ಡ ಸ್ಪೀಕರು ತಂದಿದ್ದರಂತೆ. ಮಧ್ಯಾಹ್ನ ಯಜಮಾನರು ಅಂಗಡಿಗೆ ಹೋಗಿ, ಅತ್ತೆ ಮಲಗಿದ ಮೇಲೆ, ಇವರು ದನಿಯನ್ನು ಆದಷ್ಟು ತಗ್ಗಿಸಿ, ಸ್ಪೀಕರಿನ ಬಟ್ಟೆಗೆ ಕಿವಿ ಒತ್ತಿಕೊಂಡು ಕೂತು ಕಲಿತರು. ಗಂಟಲಿಗಿಂತ ಕಿವಿಯೇ ಹೆಚ್ಚು ಬೆವರುತ್ತಿತ್ತು ಎಂದು ನಗುತ್ತಿದ್ದರು.

ನಾನು ಅವರ ಕೈಗೆ ಸಿಕ್ಕಿದ್ದು ನಡುವಯಸ್ಸಿನಲ್ಲಿ. ಬ್ಯಾಂಕಿನ ಕೌಂಟರಿನ ಗಾಜಿನ ಹಿಂದೆ ಕೂತು ಕೂಗಿ ಕೂಗಿ ನನ್ನ ಗಂಟಲು ಒಡೆದ ಮಡಕೆಯಂತಾಗಿತ್ತು. ಒಂದು ದಿನ ಹಾಲಿನವನ ಜೊತೆ ಜಗಳವಾಡುತ್ತಿದ್ದೆ. ಕಾಂಪೌಂಡಿನ ಮೇಲೆ ಅವರ ತಲೆ ಕಾಣಿಸಿತು.

“ನಿನ್ನ ದನಿ ಸುಸ್ತಾಗಿದೆ ತಾಯಿ, ಸತ್ತಿಲ್ಲ. ಸಂಜೆ ಬಾ.”

ಅವರ ಪ್ರಪಂಚದಲ್ಲಿ ಕೆಟ್ಟ ವಸ್ತು ಎರಡೇ ಬಗೆ. ಸುಸ್ತಾಗಿರುವುದು, ಸತ್ತಿರುವುದು. ಸುಸ್ತಾಗಿದ್ದನ್ನು ಎಸೆಯುವುದು ಮಹಾಪಾಪ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಕಡ್ಡಿ ಮುರಿದ ಕೊಡೆ ಎಲ್ಲವನ್ನೂ ಮೊದಲು ಮಗುವನ್ನು ತಟ್ಟಿದಂತೆ ಪಕ್ಕೆಗೆ ತಟ್ಟಿ ನೋಡುತ್ತಿದ್ದರು. ಆಮೇಲೆ ರಿಪೇರಿ, ರಿಪೇರಿಯ ಮೇಲೆ ಇನ್ನೊಂದು ರಿಪೇರಿ. ಸತ್ತಿದೆ ಎಂದು ನಿರ್ಧಾರವಾದರೆ ಮಾತ್ರ ಅದನ್ನು ಒರೆಸಿ, ವಿಭೂತಿ ಹಚ್ಚಿ, ಗುಜರಿಯವನ ಕೈಗೆ ಕೊಡುತ್ತಿದ್ದರು. ನಮ್ಮ ರಸ್ತೆಗೆ ಬರುವ ಗುಜರಿಯವನಿಗೂ ಅದು ಅಭ್ಯಾಸವಾಗಿ, ವಿಭೂತಿ ಹಚ್ಚಿದ ಮಿಕ್ಸಿಯನ್ನು ಕಣ್ಣಿಗೊತ್ತಿಕೊಂಡು ಗಾಡಿಗೆ ಹಾಕುತ್ತಿದ್ದ. ನಾನು ಎಷ್ಟೋ ಸಲ ಕಿಟಕಿಯಿಂದ ನೋಡಿ ನಕ್ಕಿದ್ದೇನೆ.

ಪಾಠಕ್ಕೆ ಮುಂಚೆ ಅವರದೊಂದು ಪದ್ಧತಿ ಇತ್ತು. ದೀಪ ಹಚ್ಚುವುದು, ಆಂಪ್ಲಿಫೈಯರ್ ಆನ್ ಮಾಡುವುದು. ಟೇಪು ಹಾಕುತ್ತಿದ್ದದ್ದು ಪಾಠವೆಲ್ಲ ಮುಗಿದ ಮೇಲೆ, ಮಕ್ಕಳಿಗೆ ಕೇಳಿಸಲು. ಆದರೂ ಅದು ಮೊದಲೇ ಆನ್ ಆಗಬೇಕು. “ಬಿಸಿಯಾಗಲಿ” ಎನ್ನುತ್ತಿದ್ದರು. ಅದಕ್ಕೆ ಬಿಸಿಯಾಗುವ ಅಗತ್ಯವೇನೂ ಇರಲಿಲ್ಲ, ತವರಿನ ಹಳೇ ರೇಡಿಯೊದಿಂದ ಬಂದ ಅಭ್ಯಾಸ. ಹೀಗಾಗಿ ಪಾಠದ ಉದ್ದಕ್ಕೂ ಆ ಎರಡು ಸ್ಪೀಕರುಗಳು ಸುಮ್ಮನೆ ಗುಂಯ್ ಎನ್ನುತ್ತಿದ್ದವು. ಸಣ್ಣ ಸದ್ದು. ಸ್ವಲ್ಪ ಹೊತ್ತಿಗೆ ಯಾರಿಗೂ ಕೇಳಿಸುತ್ತಿರಲಿಲ್ಲ.

ಮಗನೊಬ್ಬನಿಗೆ ಕೇಳಿಸುತ್ತಿತ್ತು. ಅಂಗಡಿಯಿಂದ ಬಂದವನೇ ಕಿವಿ ಹಿಡಿದುಕೊಳ್ಳುತ್ತಿದ್ದ.

“ಅಮ್ಮಾ, ಈ ಗುಂಯ್ ತಲೆ ತಿನ್ನುತ್ತೆ. ಹೊಸದು ತಂದುಕೊಡ್ತೀನಿ, ಇದನ್ನ ಬಿಸಾಕು.”

“ನೀನು ಹುಟ್ಟಿದಾಗಲೂ ಗುಂಯ್ ಅಂತಾನೇ ಅಳ್ತಿದ್ದೆ. ಬಿಸಾಕಿದ್ನಾ?”

ಅವನು ಹಟ ಬಿಡದೆ ಒಂದು ಚಿಕ್ಕ ಬ್ಲೂಟೂತ್ ಸ್ಪೀಕರ್ ತಂದ. ಅದು ದೇವರ ಮನೆಯ ಕಿಟಕಿ ಬಡಿಯದಂತೆ ಒತ್ತುಕೊಟ್ಟು ಕೂತಿತು.

ಅಮ್ಮನಿಗೆ ಜಗಳವಿದ್ದದ್ದು ಒಬ್ಬರ ಜೊತೆ ಮಾತ್ರ. ಭಜನೆ ಮಂದಿರದ ಹಾರ್ಮೋನಿಯಂನವರು. ಪ್ರತಿ ಶಿವರಾತ್ರಿಗೆ ಅಮ್ಮನ ಮಕ್ಕಳು ಮನೆಯಲ್ಲೇ ‘ಸಾ’ ಹಿಡಿದು ಹೋಗಿ ಮಂದಿರದಲ್ಲಿ ಹಾಡಬೇಕು, ಅವರು ನುಡಿಸಬೇಕು, ಇಬ್ಬರೂ ಮಾತು ಬಿಡಬೇಕು. ಹಾರ್ಮೋನಿಯಂನಲ್ಲಿ ಬೆರಳಿಡುವ ಐದನೆಯ ಬಿಳಿಯ ಮನೆ ‘ಐದು’, ಅದರ ಪಕ್ಕದ ಕರಿಯ ಮನೆ ‘ಐದೂವರೆ’. ಹೆಣ್ಣುಮಕ್ಕಳ ಶ್ರುತಿ ಸಾಮಾನ್ಯವಾಗಿ ಈ ಎರಡರಲ್ಲೊಂದು.

“ನಿಮ್ಮ ಮಕ್ಳು ಐದಕ್ಕೆ ಕೂರಲ್ಲ, ಐದೂವರೆಗೆ ಏಳಲ್ಲ. ಎಲ್ರೂ ಒಟ್ಟಿಗೆ ಹೊಸ್ತಿಲ ಮೇಲೆ ನಿಂತಿರ್ತಾರೆ. ನಾನೆಲ್ಲಿ ಬೆರಳಿಡ್ಲಿ?” ಎಂದು ಅವರು ಗೋಳಾಡುತ್ತಿದ್ದರು.

“ನಿಮ್ಮ ಪೆಟ್ಟಿಗೆ ಸುಸ್ತಾಗಿದೆ. ರಿಪೇರಿ ಮಾಡಿಸಿ.”

“ಕುಣಿಯೋಕೆ ಬಾರದವಳು ಅಂಗಳ ಡೊಂಕು ಅಂದ್ಳಂತೆ,” ಎಂದು ಅವರು ಆ ಕಡೆ ತಿರುಗಿ ಗೊಣಗುತ್ತಿದ್ದರು. ಯಾರೋ ಪೋಷಕರು ತಂದುಕೊಟ್ಟ ಶ್ರುತಿಪೆಟ್ಟಿಗೆಯನ್ನೂ ಅಮ್ಮ ಒಂದೇ ಸಲ ಕೇಳಿ “ಇದೂ ಸುಸ್ತಾಗಿದೆ, ಸ್ವಲ್ಪ ತಗ್ಗಿದೆ” ಎಂದು ಅಟ್ಟಕ್ಕೆ ಹಾಕಿದ್ದರು. ಊರಿನ ಶ್ರುತಿಯೆಲ್ಲ ಸುಸ್ತಾಗಿದೆ, ತಮ್ಮದೊಂದು ನೆಟ್ಟಗಿದೆ ಎಂದು ಇಷ್ಟು ಧೈರ್ಯವಾಗಿ ನಂಬಿದವರನ್ನು ನಾನು ಬೇರೆ ಕಂಡಿಲ್ಲ.

ಒಂದು ವರ್ಷ ಶಿವರಾತ್ರಿ ಇನ್ನೇನು ಹತ್ತಿರ ಬಂತು ಎನ್ನುವಾಗ ಆಂಪ್ಲಿಫೈಯರಿನಿಂದ ಸುಟ್ಟ ವಾಸನೆ ಬಂದು ಅದು ನಿಂತುಹೋಯಿತು. ಮಗನ ಮುಖ ಅರಳಿತು. ಅಮ್ಮ ಪಕ್ಕೆಗೆ ತಟ್ಟಿ ನೋಡಿದರು, ಸುಸ್ತು ಎಂದು ತೀರ್ಪು ಕೊಟ್ಟರು. ನಾನೂ ಅವರೂ ಆಟೋದಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಅಕ್ಕಿಪೇಟೆಗೆ ಹೋದೆವು.

ರಿಪೇರಿಯವರು ಬಾಯಿ ತೆರೆದರೆ ಜಗಳವಾಡುವ ಮುದುಕರು. “ಅಮ್ಮಾ, ಇದರ ವಯಸ್ಸು ನೋಡಿದೀರಾ? ಹೊಸದು ತಗೊಂಡ್ಬಿಡಿ.”

“ನಿಮ್ಮ ವಯಸ್ಸೂ ನೋಡ್ತಾ ಇದೀನಿ. ಹೊಸಬರನ್ನ ಹುಡುಕ್ಲಾ?”

ಅವರು ನಕ್ಕುಬಿಟ್ಟರು. ಆಂಪ್ಲಿಫೈಯರ್ ಒಳಗೆ ಹೋಯಿತು. ಒಳಗೆ ಊದಿಕೊಂಡಿದ್ದ ಹಳೆಯ ಭಾಗಗಳನ್ನು ತೆಗೆದು ಹೊಸದು ಹಾಕಿ, ಒರೆಸಿ, ಶಿವರಾತ್ರಿಗೆ ಬೇಕಾದಷ್ಟು ಮುಂಚೆಯೇ ಕೊಟ್ಟರು.

ಮನೆಗೆ ತಂದು ಆನ್ ಮಾಡಿದರೆ ಸದ್ದೇ ಇಲ್ಲ. ಕೆಂಪು ದೀಪ ಉರಿಯುತ್ತಿತ್ತು. ಅಮ್ಮ ಸ್ಪೀಕರಿಗೆ ಕಿವಿ ಇಟ್ಟು “ಆನ್ ಆಗಿದ್ಯಾ?” ಎಂದರು. ಟೇಪು ಹಾಕಿದಾಗ ಹಾಡು ತೊಳೆದಿಟ್ಟ ಹಾಗೆ ಬಂತು. ಇಷ್ಟು ವರ್ಷದ ಗುಂಯ್ ಪೂರ್ತಿ ಹೋಗಿತ್ತು. ಮಗ ಖುಷಿಯಾಗಿ ಎಲ್ಲರಿಗೂ ಜಿಲೇಬಿ ತಂದ.

ಅವತ್ತು ಸಂಜೆಯ ಪಾಠದಲ್ಲಿ ಅಮ್ಮ ‘ಸಾ’ ಹಿಡಿದರು. ಮಕ್ಕಳು ಒಬ್ಬೊಬ್ಬರು ಒಂದೊಂದು ಕಡೆ ಹೋದರು. ನಿಲ್ಲಿಸಿ ಮತ್ತೆ ಹಿಡಿದರು, ಈ ಸಲ ತಗ್ಗಿತು. ಮತ್ತೆ ಹಿಡಿದರು, ಏರಿತು. ಮರುದಿನವೂ ಹಾಗೇ. ಹಿಂದಿನ ಸಾಲಿನಲ್ಲಿ ನಗು ಶುರುವಾಯಿತು. ನಾನು ಆ ಮಕ್ಕಳನ್ನು ಕಣ್ಣಲ್ಲೇ ಗದರಿಸಿದೆ. ಅಮ್ಮ ಜೀರಿಗೆ ಕಷಾಯ ಕುಡಿದರು, ಮೆಣಸು ಬೆಲ್ಲ ಅಗಿದರು, ಡಾಕ್ಟರಿಗೂ ತೋರಿಸಿದರು. ಗಂಟಲಿಗೆ ಏನೂ ಆಗಿಲ್ಲ ಎಂದರು ಡಾಕ್ಟರು. ಆದರೆ ‘ಸಾ’ ನಿಲ್ಲಲಿಲ್ಲ.

ಒಂದು ಸಂಜೆ ನಾನು ಹೋದಾಗ ಚಾಪೆ ಹಾಸಿರಲಿಲ್ಲ. ಮಕ್ಕಳಿಗೆ ಬರಬೇಡಿ ಎಂದು ಹೇಳಿ ಕಳಿಸಿದ್ದರು. ಮಂದಿರಕ್ಕೂ ಈ ವರ್ಷ ನಮ್ಮದಿಲ್ಲ ಎಂದು ತಿಳಿಸಿದ್ದರು.

“ಸ್ವಲ್ಪ ದಿನ ರೆಸ್ಟ್ ತಗೊಳ್ಳಿ ಅಮ್ಮ. ಸುಸ್ತಾಗಿದೆ ಅಷ್ಟೇ,” ಎಂದೆ.

“ಇದು ಸುಸ್ತಲ್ಲ ತಾಯಿ. ಸತ್ತಿದೆ.”

ಕೊಡೆಯ ಬಗ್ಗೆ ಮಾತಾಡುವ ದನಿಯಲ್ಲೇ ಹೇಳಿದರು. ಅವರ ಬಾಯಲ್ಲಿ ಆ ಮಾತು ಸುಲಭವಾಗಿ ಬರುವುದಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮನೆಗೆ ಬಂದು ಒಲೆಯ ಮುಂದೆ ನಿಂತು ಅತ್ತುಬಿಟ್ಟೆ. ಹಾಡಲು ಬಿಡದ ಮನೆಯಲ್ಲಿ ಕದ್ದು ಕಲಿತವರು, ಈಗ ಯಾರೂ ಬೇಡವೆನ್ನದಿರುವಾಗ ತಾವೇ ಬಾಯಿ ಮುಚ್ಚಿಕೊಂಡರಲ್ಲ ಎಂದು ತಡೆಯಲಾಗಲಿಲ್ಲ.

ಸಂಜೆಯ ಆ ಹೊತ್ತು ಅವರಿಗೆ ಮನೆಯಲ್ಲಿ ಕೂರಲಾಗುತ್ತಿರಲಿಲ್ಲ. ಅದಕ್ಕೇ ಒಂದು ಸೋಮವಾರ ಗವಿಪುರಕ್ಕೆ, ಗವಿ ಗಂಗಾಧರೇಶ್ವರನ ಗುಡಿಗೆ ನಡೆದುಕೊಂಡು ಹೋಗೋಣವೆಂದು ಹೊರಡಿಸಿದೆ. ಒಂದು ತಿರುವಿನಲ್ಲಿ ಬೇಲಿ ಹಾಕಿದ ಕರೆಂಟಿನ ದೊಡ್ಡ ಟ್ರಾನ್ಸ್‌ಫಾರ್ಮರ್ ಇದೆ. ಅದನ್ನು ದಾಟುವಾಗ ಅಮ್ಮ ನಿಂತರು.

“ತಾಳು,” ಎಂದರು.

ನನ್ನ ಕೈ ಹಿಡಿದುಕೊಂಡರು. ಅಲ್ಲೇ, ಫುಟ್‌ಪಾತಿನ ಮೇಲೆ, ಬಾಯಿ ತೆರೆದು ‘ಸಾ’ ಎಂದರು. ದನಿ ಅಲುಗಾಡದೆ, ತುಂಬಿಕೊಂಡು ನಿಂತಿತು. ಎದುರಿನ ಎಳನೀರಿನವನು ಮಚ್ಚು ಹಿಡಿದ ಕೈ ಹಾಗೇ ಬಿಟ್ಟು ನೋಡಿದ. ನಾನು ಅಮ್ಮನ ಮುಖ ನೋಡಿದೆ. ಅವರು ಟ್ರಾನ್ಸ್‌ಫಾರ್ಮರನ್ನು ನೋಡುತ್ತಿದ್ದರು. ಅದು ತನ್ನ ಪಾಡಿಗೆ ಗುಂಯ್ ಎನ್ನುತ್ತಿತ್ತು.

ಇಬ್ಬರಿಗೂ ಒಟ್ಟಿಗೇ ಅರ್ಥವಾಯಿತು. ಅದೇ ಸದ್ದು, ಅದೇ ಎತ್ತರ. ಆಂಪ್ಲಿಫೈಯರು ಅಷ್ಟು ವರ್ಷ ಗುಂಯ್ ಎನ್ನುತ್ತಿದ್ದದ್ದೂ ಇದೇ ಕರೆಂಟಿನ ಸದ್ದು. ಐದೂ ಅಲ್ಲ, ಐದೂವರೆಯೂ ಅಲ್ಲ, ನಡುವೆ. ಸ್ಪೀಕರಿಗೆ ಕಿವಿ ಒತ್ತಿಕೊಂಡು ಕಲಿತಾಗ ಹಾಡಿನ ಕೆಳಗೆ ಅವರಿಗೆ ಕೇಳುತ್ತಿದ್ದದ್ದು ಅದು. ಮಕ್ಕಳಿಗೆ ಅವರು ಹೇಳಿಕೊಟ್ಟ ‘ಸಾ’ ಕೂಡ ಅದೇ.

ಅಮ್ಮ ಪಕ್ಕದ ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟರು. ಮೊದಲು ನಕ್ಕರು, ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

“ಗುರು ಇಲ್ಲ ಗುರು ಇಲ್ಲ ಅಂತ ಊರಿಗೆಲ್ಲ ಹೇಳ್ಕೊಂಡು ಬಂದೆ ಕಣೇ. ಮನೇಲೇ ಕೂತಿದ್ದ. ನಾನೇ ಆಟೋದಲ್ಲಿ ಕರ್ಕೊಂಡ್ಹೋಗಿ ಅವನನ್ನ ರಿಪೇರಿ ಮಾಡಿಸಿಬಿಟ್ಟೆ.”

ಸ್ವಲ್ಪ ಹೊತ್ತಾದ ಮೇಲೆ ತಲೆ ತಗ್ಗಿಸಿ, “ಇಷ್ಟು ಮಕ್ಳಿಗೆ ಕರೆಂಟಿನ ಶ್ರುತಿ ಕಲಿಸಿದೀನಲ್ಲ,” ಎಂದರು. “ಆ ಹಾರ್ಮೋನಿಯಂನವರು ಹೇಳಿದ್ದೇ ಸರಿ. ನನ್ನ ಮಗನಿಗೆ ಮಾತ್ರ ಹೇಳ್ಬೇಡ ತಾಯಿ. ಗುಂಯ್ ಗುಂಯ್ ಅಂತ ಬಡ್ಕೊಂಡಿದ್ದು ಅವನೊಬ್ಬನೇ. ನಾನಿರೋವರೆಗೂ ಆಡ್ಕೋತಾನೆ.”

ನಾನು ಮಾತು ಕೊಟ್ಟೆ. ಮಕ್ಕಳನ್ನು ಈಗಲಾದರೂ ಐದಕ್ಕೆ ಇಳಿಸಬಹುದಲ್ಲ ಎಂದೂ ಕೇಳಿದೆ. ಅಟ್ಟದ ಮೇಲೆ ಶ್ರುತಿಪೆಟ್ಟಿಗೆ ಇತ್ತು.

“ಅವರ ಗಂಟಲು ಅಲ್ಲೇ ಮನೆ ಮಾಡ್ಕೊಂಡಿದೆ. ಶಿವರಾತ್ರಿ ಮುಂದೆ ಇಟ್ಕೊಂಡು ಮನೆ ಖಾಲಿ ಮಾಡಿಸ್ಲಾ?”

ಮತ್ತೆ ಅಕ್ಕಿಪೇಟೆ. ಈ ಸಲ ಅವರು ಕೇಳಿದ್ದನ್ನು ಆ ಅಂಗಡಿಯಲ್ಲಿ ಹಿಂದೆ ಯಾರೂ ಕೇಳಿರಲಾರರು.

“ಇದನ್ನ ಮೊದಲಿನ ಥರಾನೇ ಕೆಡಿಸಿಕೊಡಿ.”

ರಿಪೇರಿಯವರಿಗೆ ನಿಜವಾಗಿಯೂ ಸಿಟ್ಟು ಬಂತು. “ಅಮ್ಮಾ, ಕೆಟ್ಟಿರೋದನ್ನ ಸರಿಮಾಡೋದು ನನ್ನ ಕೆಲಸ. ಸರಿ ಇರೋದನ್ನ ಕೆಡಿಸೋದಲ್ಲ. ಹಳೇ ಪಾರ್ಟ್ ಹಾಕಿದ್ರೆ ಒಂದಿನ ಪೂರ್ತಿ ಸುಟ್ಟೋಗುತ್ತೆ. ಆಮೇಲೆ ನನ್ನನ್ನೇ ಬೈತೀರ.”

ಅಮ್ಮ ವಾದ ಮಾಡಲಿಲ್ಲ. ಮೇಜಿನ ಮೂಲೆಯಲ್ಲಿ ಒಂದು ಹಳೆಯ ಬ್ಯಾಟರಿ ಚಾರ್ಜರು ಗುಂಯ್ ಎನ್ನುತ್ತಿತ್ತು. ಅದರ ಪಕ್ಕ ಸ್ಟೂಲು ಎಳೆದುಕೊಂಡು ಕೂತು ಒಂದು ವಚನ ಪೂರ್ತಿ ಹಾಡಿದರು. ಮುದುಕರು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟರು. ಹಾಡು ಮುಗಿದ ಮೇಲೆ “ಶುಕ್ರವಾರ ಬನ್ನಿ” ಎಂದಷ್ಟೇ ಹೇಳಿದರು.

ಶುಕ್ರವಾರ ಅವರು ಆಂಪ್ಲಿಫೈಯರನ್ನು ಮುಟ್ಟಿರಲಿಲ್ಲ. ಒಂದು ಪುಟ್ಟ ಮರದ ಡಬ್ಬಿಯೊಳಗೆ ಯಾವುದೋ ಹಳೆಯ ಚಾರ್ಜರಿನ ಟ್ರಾನ್ಸ್‌ಫಾರ್ಮರನ್ನು ಬಿಗಿದು, ವೈರು ಪ್ಲಗ್ಗು ಜೋಡಿಸಿ ಇಟ್ಟಿದ್ದರು. ಪ್ಲಗ್ ಹಾಕಿದರೆ ಡಬ್ಬಿ ಗುಂಯ್ ಎಂದಿತು.

“ಅಮ್ಮಾ, ಆಂಪ್ಲಿಫೈಯರ್ ಆರೋಗ್ಯವಾಗಿರ್ಲಿ. ಅದರ ಕಾಯಿಲೇನ ಈ ಡಬ್ಬೀಲಿ ಹಾಕಿಟ್ಟಿದೀನಿ. ಬೇಕಾದಾಗ ಹಾಕ್ಕೊಳ್ಳಿ.”

ಮಾರನೆಯ ಸಂಜೆ ಚಾಪೆ ಬಿತ್ತು. ದೀಪ, ಆಂಪ್ಲಿಫೈಯರ್, ಡಬ್ಬಿ. ‘ಸಾ’ ತನ್ನ ಜಾಗಕ್ಕೆ ಬಂದು ನಿಂತಿತು. ಡಬ್ಬಿ ಏನೆಂದು ಮಗ ಕೇಳಿದ್ದಕ್ಕೆ “ವೋಲ್ಟೇಜ್ ನೋಡ್ಕೊಳ್ಳುತ್ತೆ” ಎಂದು ಕಣ್ಣು ಮಿಟುಕಿಸದೆ ಹೇಳಿದರು.

ಈ ವರ್ಷ ಇಲ್ಲ ಎಂದಿದ್ದನ್ನು ಬಿಟ್ಟು ಆ ಶಿವರಾತ್ರಿಗೆ ಮಂದಿರಕ್ಕೆ ಬಂದ ಅಮ್ಮ ತಾವಾಗಿಯೇ ಹಾರ್ಮೋನಿಯಂನವರ ಬಳಿ ಹೋದರು. “ನಿಮ್ಮ ಪೆಟ್ಟಿಗೆ ಸುಸ್ತಾಗಿಲ್ಲ. ನಾನು ತಪ್ಪು ಹೇಳಿದ್ದೆ. ಇವತ್ತು ನೀವು ತಾಳ ಹಾಕಿ, ನಮ್ಮ ಮಕ್ಳು ಹೊಸ್ತಿಲ ಮೇಲೇ ಹಾಡ್ತಾರೆ.” ಅಷ್ಟು ವರ್ಷ ಜಗಳವಾಡಿದ ಮನುಷ್ಯ ಬೆಪ್ಪಾಗಿ ತಾಳ ತೆಗೆದುಕೊಂಡರು. ಅವರು ತಾಳ ಹಾಕುವುದರಲ್ಲಿ ಇಷ್ಟು ಪಳಗಿದ್ದಾರೆಂದು ನಮಗೆ ಅವತ್ತೇ ಗೊತ್ತಾಗಿದ್ದು. ಆಮೇಲಿನ ವರ್ಷಗಳಲ್ಲಿ ಅದೇ ರೂಢಿಯಾಯಿತು.

ಅಮ್ಮ ಹೋದದ್ದು ಸದ್ದಿಲ್ಲದೆ, ಒಂದು ಮುಂಜಾನೆ ಲಿಂಗಪೂಜೆ ಮುಗಿಸಿ ಗೋಡೆಗೆ ಒರಗಿದವರು ಏಳಲಿಲ್ಲ. ಆರಾಧನೆಯ ದಿನ ಶಾಮಿಯಾನದ ಕೆಳಗೆ ಅವರು ಹಾಡು ಕಲಿಸಿದ ಮಕ್ಕಳೆಲ್ಲ ಕೂತಿದ್ದರು. ಎಷ್ಟೋ ಜನಕ್ಕೆ ಈಗ ಸ್ವಂತ ಮಕ್ಕಳಿದ್ದಾರೆ. ಡಬ್ಬಿ ತರುವುದು ಯಾರಿಗೂ ಹೊಳೆದಿರಲಿಲ್ಲ, ನನಗೂ. ನಾನು ಹೆದರಿಕೊಂಡೇ ‘ಸಾ’ ಹಿಡಿದೆ. ಎಲ್ಲರೂ ಅಲ್ಲಿಗೇ ಬಂದು ಸೇರಿದರು. ಹಾರ್ಮೋನಿಯಂನವರು ಪೆಟ್ಟಿಗೆ ತೆರೆಯಲೇ ಇಲ್ಲ, ಜೇಬಿನಿಂದ ತಾಳ ತೆಗೆದರು. ಮಗ ಶಾಮಿಯಾನದ ಕಂಬಕ್ಕೆ ಒರಗಿ ಬಂದವರಿಗೆ ಕೈ ಮುಗಿಯುತ್ತಿದ್ದ. ಅವನು ಹಾಡುವುದಿಲ್ಲ. ಚಿಕ್ಕಂದಿನಿಂದಲೂ “ನಂಗೆ ಸಂಗೀತ ಬರಲ್ಲ” ಎಂದು ಪಾಠದ ಹೊತ್ತಿಗೆ ಮನೆಯಿಂದ ಓಡುತ್ತಿದ್ದವನು.

ಅವನು ಇಟ್ಟುಹೋದ ಆಂಪ್ಲಿಫೈಯರನ್ನು ನಾನು ಮರುದಿನ ಅಕ್ಕಿಪೇಟೆಗೆ ಒಯ್ದೆ. ಹೊದಿಕೆ ನೋಡಿದೊಡನೆ ಮುದುಕರಿಗೆ ಗೊತ್ತಾಯಿತು. ಸುದ್ದಿ ಹೇಳಿದೆ. ಹೊದಿಕೆಯನ್ನು ಮಡಿಸಿಟ್ಟು, ಆಂಪ್ಲಿಫೈಯರ್ ಬಿಚ್ಚಿ, ಕನ್ನಡಕ ಏರಿಸಿ ಒಳಗೆಲ್ಲ ನೋಡಿದರು.

“ಸುಸ್ತಾಗಿದೆ ಅಷ್ಟೇ ಮೇಡಂ. ವಿಭೂತಿ ಬೇಡ,” ಎಂದರು.

ಅಮ್ಮ ತಮ್ಮ ಗುಜರಿಯ ಪದ್ಧತಿಯನ್ನು ಅವರಿಗೂ ಹೇಳಿದ್ದರು ಎಂದು ನನಗೆ ಗೊತ್ತೇ ಇರಲಿಲ್ಲ. ಬರುವ ದಾರಿಯಲ್ಲಿ ಆಟೋದಲ್ಲಿ ಕೂತು ಅಳುತ್ತ ನಗುತ್ತ ಬಂದೆ.

ಸಂಜೆ ಮಗ ಅಂಗಡಿಯಿಂದ ಬಂದ. ಸಣ್ಣಗಾಗಿದ್ದ. “ಏನು ಮಾಡೋದು ಅಂತೀರಾ ಅಕ್ಕಾ?”

“ರಿಪೇರಿಗೆ ಕೊಟ್ಟಿದೀನಿ. ನೀನು ಊಟ ಮಾಡ್ತಿದೀಯಾ?”

“ಮಾಡ್ತೀನಿ. ಮನೇಲಿ ಇರಕ್ಕೆ ಆಗ್ತಿಲ್ಲ ಅಕ್ಕಾ. ಏನೋ ನಿಂತೋದಂಗೆ ಇದೆ. ಏನು ಅಂತ ಗೊತ್ತಾಗ್ತಿಲ್ಲ.”

ಬಚ್ಚಿಟ್ಟ ಗುಟ್ಟು ನಾಲಗೆಯ ತುದಿಗೆ ಬಂದು ನಿಂತಿತು. ನುಂಗಿಕೊಂಡೆ. “ಆ ಡಬ್ಬಿ ಎಸೆದಿಲ್ಲ ತಾನೇ? ಹೋಗಿ ಪ್ಲಗ್ ಹಾಕಿ ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತ್ಕೋ,” ಎಂದೆ.

“ಯಾಕೆ?”

“ಹೇಳಿದಷ್ಟು ಮಾಡಪ್ಪ.”

ನಮ್ಮಿಬ್ಬರ ಮನೆಗೂ ನಡುವೆ ಇರುವುದು ಒಂದೇ ಗೋಡೆ. ನಾನು ದೀಪ ಹಚ್ಚಿ ಆ ಗೋಡೆಯ ಪಕ್ಕ ಕೂತೆ. ಸ್ವಿಚ್ಚು ಚಟಕ್ಕೆಂದಿತು. ಗುಂಯ್ ಶುರುವಾಯಿತು. ಬಹಳ ಹೊತ್ತು ಅದೊಂದೇ ಇತ್ತು. ಅವನು ಎದ್ದು ಹೋದನೇನೋ ಎಂದುಕೊಂಡೆ. ಆಮೇಲೆ ಒಂದು ಕೆಮ್ಮು ಕೇಳಿಸಿತು. ಕೆಮ್ಮಿನ ಹಿಂದೆಯೇ ಒಂದು ಒರಟು ಗಂಡುದನಿ, ಯಾರೂ ಕೇಳುತ್ತಿಲ್ಲವೆಂದು ಧೈರ್ಯಮಾಡಿ, ತಗ್ಗಿನಲ್ಲಿ ‘ಸಾ’ ಎಂದಿತು. ಹುಡುಕಲಿಲ್ಲ, ತಡಕಾಡಲಿಲ್ಲ. ಐದೂ ಅಲ್ಲ, ಐದೂವರೆಯೂ ಅಲ್ಲ, ನೆಟ್ಟಗೆ ಹೋಗಿ ಅವರಮ್ಮನ ಹೊಸ್ತಿಲ ಮೇಲೆ ನಿಂತಿತು.